ಗಾಡಿ–ಗ್ಯಾರೇಜು: ಬ್ರೇಕಿನ ರಬ್ಬರ್ ಹೋಸ್ ಬಗ್ಗೆ ಓದುಗರ ಪ್ರಶ್ನೆಗಳು

ಮಳೆಗಾಲಕ್ಕೆ ಮುನ್ನ ಕಾರನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆಯುವಾಗ, ಬ್ರೇಕಿನ ರಬ್ಬರ್ ಹೋಸ್‌ಗಳನ್ನೂ ಒಮ್ಮೆ ನೋಡಿಸಿಕೊಳ್ಳಿ ಎಂಬ ಒಂದೇ ಒಂದು ವಾಕ್ಯವನ್ನು ಸೇರಿಸಿದ್ದೆ. ವೈಪರ್, ಟಯರು, ಬ್ಯಾಟರಿಗಳ ಬಗ್ಗೆ ಪುಟಗಟ್ಟಲೆ ಬರೆದದ್ದಕ್ಕೆ ಬಂದ ಪತ್ರಗಳು ನಾಲ್ಕಾದರೆ, ಆ ಒಂದು ವಾಕ್ಯದ ಬೆನ್ನು ಹತ್ತಿ ಬಂದವು ಅದರ ಎರಡರಷ್ಟು. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಹೋಸ್‌ಗಳಿಗೇ ಮೀಸಲು. ಹೋಸ್ ಎಂದರೆ ಯಾವುದೆಂದು ಕೇಳಿದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ: ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಟ ಬ್ರೇಕ್ ಆಯಿಲ್ ಗಾಡಿಯ ಅಡಿಯಲ್ಲಿ ಉಕ್ಕಿನ ಸಣ್ಣ ಪೈಪಿನಲ್ಲಿ ಸಾಗುತ್ತದೆ, ಆದರೆ ಚಕ್ರವು ಸ್ಟೀರಿಂಗಿನೊಂದಿಗೆ ತಿರುಗಬೇಕು, ಹಳ್ಳ ಸಿಕ್ಕಾಗ ಇಳಿದು ಏಳಬೇಕು, ಉಕ್ಕಿನ ಪೈಪು ಹಾಗೆಲ್ಲ ಬಾಗಿದರೆ ಮುರಿಯುತ್ತದೆ. ಅದಕ್ಕಾಗಿ ಬಾಡಿಗೂ ಚಕ್ರಕ್ಕೂ ನಡುವಿನ ಕೊನೆಯ ಒಂದೆರಡು ಗೇಣಿನಷ್ಟು ದೂರಕ್ಕೆ ಬಳುಕುವ ರಬ್ಬರ್ ಪೈಪನ್ನು ಹಾಕಿರುತ್ತಾರೆ. ಗ್ಯಾರೇಜಿನಲ್ಲಿ ಅದಕ್ಕೆ ಹೋಸ್ ಪೈಪ್ ಎನ್ನುತ್ತಾರೆ. ಮುಂದಿನ ಚಕ್ರಗಳಲ್ಲಿ ಅದು ಹೋಗಿ ಸೇರುವುದು ಕ್ಯಾಲಿಪರಿಗೆ, ಅಂದರೆ ಚಕ್ರದ ಜತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡುಗಳಿಂದ ಒತ್ತಿ ಹಿಡಿಯುವ ಭಾಗಕ್ಕೆ.

ಪ್ರಶ್ನೆ: ನಮ್ಮದು ಹದಿಮೂರು ವರ್ಷ ಹಳೆಯ ಸಣ್ಣ ಕಾರು. ಘಾಟಿ ಇಳಿದು ಬಂದಾಗಲೆಲ್ಲ ಮುಂದಿನ ಎಡ ಚಕ್ರ ಕೈಯಿಡಲಾರದಷ್ಟು ಬಿಸಿಯಾಗಿರುತ್ತದೆ, ಸುಟ್ಟ ವಾಸನೆ ಬರುತ್ತದೆ. ಪ್ಯಾಡ್ ಬದಲಿಸಿದೆವು, ಕ್ಯಾಲಿಪರ್ ಕಿಟ್ ಹಾಕಿಸಿದೆವು, ಆದರೂ ತಿಂಗಳೊಳಗೆ ಮತ್ತೆ ಅದೇ ಕಥೆ. ಈಗ ಬೇರೊಬ್ಬ ಮೆಕ್ಯಾನಿಕ್ ಹೋಸ್ ಹೋಗಿದೆ ಎನ್ನುತ್ತಿದ್ದಾರೆ. ನೋಡಿದರೆ ಹೋಸಿನಲ್ಲಿ ಒಂದು ಬಿರುಕೂ ಇಲ್ಲ, ಒಂದು ಹನಿಯೂ ಸೋರುತ್ತಿಲ್ಲ. ಅವರ ಮಾತನ್ನು ನಂಬಬಹುದೇ? — ಓದುಗರೊಬ್ಬರು, ಸಾಗರ

ಉತ್ತರ: ನಂಬಬಹುದು; ಆದರೆ ಹಣ ಕೊಡುವ ಮೊದಲು ಪರೀಕ್ಷಿಸಿ ತೋರಿಸುವಂತೆ ಕೇಳಿ, ಏಕೆಂದರೆ ನೀವು ಈಗಾಗಲೇ ಎರಡು ಬಾರಿ ಊಹೆಗೆ ಹಣ ಕೊಟ್ಟಿದ್ದೀರಿ. ನಿಮ್ಮ ಪತ್ರ ಓದುವಾಗ ನನಗೆ ನನ್ನದೇ ಹಳೆಯ ಕಾರು ನೆನಪಾಯಿತು. ಶಿರಾಡಿ ಘಾಟಿಯ ಕೆಳಗೆ ನಿಲ್ಲಿಸಿ ಚಕ್ರಕ್ಕೆ ನೀರು ಹೊಯ್ಯಲು ಹೊರಟಿದ್ದ ಅಣ್ಣನ ಮಗನನ್ನು ತಡೆದದ್ದು (ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು), ಆಮೇಲೆ ನಾನೂ ಪ್ಯಾಡು, ಕಿಟ್ಟು ಎಂದು ಹಾಕಿಸಿ ಸೋತದ್ದು, ಕೊನೆಗೆ ಕೆಲವೇ ನೂರು ರೂಪಾಯಿಯ ಹೋಸ್ ಬದಲಿಸಿದ ಮೇಲೆ ಗಾಡಿ ಸರಿಯಾದದ್ದು, ಎಲ್ಲವೂ ನಿಮ್ಮ ಕಥೆಯ ಹಾಗೆಯೇ ಇದೆ.

ತೆಗೆದ ಆ ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಹೋಸ್ ಎಂದರೆ ಒಂದೇ ರಬ್ಬರಿನ ಕೊಳವೆಯಲ್ಲ. ಒಳಗೆ ಸುಮಾರು 3 ಮಿಲಿಮೀಟರ್ ತೂತಿನ ತೆಳು ರಬ್ಬರ್ ನಾಳ, ಅದರ ಸುತ್ತ ಜಡೆಯಂತೆ ಹೆಣೆದ ನೂಲಿನ ಪದರಗಳು, ಅವುಗಳ ಮೇಲೆ ನಮ್ಮ ಕಣ್ಣಿಗೆ ಕಾಣುವ ಕಪ್ಪು ಹೊದಿಕೆ. ಒತ್ತಡವನ್ನು ತಡೆಯುವುದು ನೂಲಿನ ಹೆಣಿಗೆ, ಆಯಿಲನ್ನು ಹಿಡಿದಿಡುವುದು ಒಳನಾಳ, ಕಲ್ಲು, ಕೆಸರು, ಬಿಸಿಲಿನಿಂದ ಕಾಪಾಡುವುದು ಹೊದಿಕೆ. ನನ್ನ ಹೋಸಿನ ಹೊದಿಕೆ ಹೊಸದರಂತೆಯೇ ಇತ್ತು. ಒಳನಾಳ ಮಾತ್ರ ಉಬ್ಬಿ, ಒಂದು ಕಡೆ ಸೀಳಿ, ಅಕ್ಕಿಕಾಳಿನಷ್ಟು ದೊಡ್ಡ ರಬ್ಬರಿನ ಸಿಪ್ಪೆಯೊಂದು ತೂತಿನೊಳಗೆ ನಾಲಗೆಯಂತೆ ಚಾಚಿಕೊಂಡಿತ್ತು.

ಇಡೀ ತೊಂದರೆಯ ಮೂಲ ಆ ನಾಲಗೆ. ನೀವು ಪೆಡಲ್ ಒತ್ತಿದಾಗ ಆಯಿಲ್ ಅದನ್ನು ತಳ್ಳಿಕೊಂಡು ಕ್ಯಾಲಿಪರಿಗೆ ಹೋಗುತ್ತದೆ, ಏಕೆಂದರೆ ಜೋರಾಗಿ ಬ್ರೇಕ್ ಹಾಕಿದಾಗ ಪೈಪಿನಲ್ಲಿ 70ರಿಂದ 100 ಬಾರ್‌ನಷ್ಟು ಒತ್ತಡವಿರುತ್ತದೆ. ನಿಮ್ಮ ಟಯರಿನ ಗಾಳಿಯ ಒತ್ತಡ ಎರಡು ಬಾರ್ ಚಿಲ್ಲರೆ ಎಂಬುದನ್ನು ನೆನೆದರೆ ಇದರ ಬಲ ಎಷ್ಟೆಂದು ತಿಳಿಯುತ್ತದೆ. ಕಾಲು ತೆಗೆದಾಗ ಆಯಿಲನ್ನು ಹಿಂದಕ್ಕೆ ತಳ್ಳಲು ಅಂಥ ಬಲವಿಲ್ಲ. ಪ್ಯಾಡನ್ನು ಒತ್ತುವ ಕ್ಯಾಲಿಪರ್ ಪಿಸ್ಟನ್ನನ್ನು ಅದರ ರಬ್ಬರ್ ಸೀಲು ಸ್ವಲ್ಪ ಹಿಂದೆಳೆದುಕೊಳ್ಳುತ್ತದೆ, ಅಷ್ಟೇ. ನಾಲಗೆ ಬಾಗಿಲು ಹಾಕಿಕೊಂಡರೆ ಆಯಿಲ್ ಒಳಗೇ ಉಳಿಯುತ್ತದೆ, ಪ್ಯಾಡು ಡಿಸ್ಕನ್ನು ಹಿಡಿದೇ ಇರುತ್ತದೆ. ಗಾಡಿ ನಿಂತು ಅರ್ಧ ಗಂಟೆ ಕಳೆದ ಮೇಲೆ ಒತ್ತಡ ಮೆಲ್ಲಗೆ ಇಳಿದು ಚಕ್ರ ತಾನಾಗಿ ಬಿಟ್ಟುಕೊಳ್ಳುವುದರಿಂದ, ಗ್ಯಾರೇಜಿಗೆ ಒಯ್ದಾಗ ಎಲ್ಲವೂ ಸರಿಯಿರುತ್ತದೆ. ನಿಮ್ಮ ಹಿಂದಿನ ಮೆಕ್ಯಾನಿಕ್ ಮೋಸ ಮಾಡಿದರೆಂದು ಹೇಳಲಾರೆ; ಅವರಿಗೆ ದೋಷ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಪರೀಕ್ಷೆ ಹೀಗಿದೆ. ಚಕ್ರ ಹಿಡಿದಿರುವಾಗಲೇ, ಅಂದರೆ ಗಾಡಿ ಓಡಿಸಿ ಬಂದ ಕೂಡಲೇ, ಆ ಚಕ್ರವನ್ನು ಜಾಕ್ ಮೇಲೆತ್ತಿ ಸ್ಟ್ಯಾಂಡ್ ಕೊಟ್ಟು ಕೈಯಲ್ಲಿ ತಿರುಗಿಸಿ ನೋಡಬೇಕು. ತಿರುಗದಿದ್ದರೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲನ್ನು, ಅಂದರೆ ಒಳಗಿನ ಆಯಿಲ್, ಗಾಳಿಯನ್ನು ಹೊರಬಿಡುವ ಸಣ್ಣ ತಿರುಪನ್ನು ಕಾಲು ಸುತ್ತು ಸಡಿಲಿಸಬೇಕು. ಆಯಿಲ್ ಚಿಮ್ಮಿದರೂ ಚಕ್ರ ಬಿಡದಿದ್ದರೆ, ಅಥವಾ ಚಿಮ್ಮುವಷ್ಟು ಒತ್ತಡವೇ ಒಳಗಿಲ್ಲದಿದ್ದರೆ, ಹೋಸಿನ ತಪ್ಪಲ್ಲ. ಪಿಸ್ಟನ್ ತುಕ್ಕು ಹಿಡಿದಿದೆ ಅಥವಾ ಕ್ಯಾಲಿಪರ್ ಜಾರುವ ಪಿನ್ನುಗಳು ಕಚ್ಚಿಕೊಂಡಿವೆ. ಚಿಮ್ಮಿದ ಕೂಡಲೇ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಬಿದ್ದಿತ್ತು ಎಂದರ್ಥ. ಆಗ ನಿಪ್ಪಲ್ ಬಿಗಿದು, ಮತ್ತೊಮ್ಮೆ ಪೆಡಲ್ ಒತ್ತಿ ಬಿಟ್ಟು ಚಕ್ರ ಹಿಡಿಯುವಂತೆ ಮಾಡಿ, ಈ ಬಾರಿ ಹೋಸಿನ ಮೇಲ್ತುದಿಯನ್ನು, ಅಂದರೆ ಉಕ್ಕಿನ ಪೈಪು ಬಂದು ಸೇರುವ ನಟ್ಟನ್ನು ಸಡಿಲಿಸಬೇಕು. ಅಲ್ಲಿ ಸಡಿಲಿಸಿದರೆ ಚಕ್ರ ಬಿಡುತ್ತದೆ ಎಂದಾದರೆ ದೋಷ ಅದಕ್ಕಿಂತ ಮೇಲೆ, ಹೆಚ್ಚಾಗಿ ಮಾಸ್ಟರ್ ಸಿಲಿಂಡರಿನಲ್ಲಿದೆ. ಅಲ್ಲಿ ಸಡಿಲಿಸಿದರೂ ಬಿಡದೆ, ಕೆಳಗೆ ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟರೆ, ಎರಡರ ನಡುವೆ ಇರುವುದು ಹೋಸ್ ಒಂದೇ.

ನೀವು ಓಡಿಸುವಾಗಲೇ ಗಮನಿಸಬಹುದಾದ ಇನ್ನೊಂದು ಗುರುತಿದೆ. ಎಡ ಹೋಸ್ ಒಳಗೆ ಕಟ್ಟಿದ್ದರೆ ಬ್ರೇಕ್ ಒತ್ತಿದ ಮೊದಲ ಕ್ಷಣದಲ್ಲಿ ಎಡ ಚಕ್ರಕ್ಕೆ ಆಯಿಲ್ ತಡವಾಗಿ ತಲುಪುವುದರಿಂದ ಗಾಡಿ ಬಲಕ್ಕೆ ವಾಲುತ್ತದೆ. ಕಾಲು ತೆಗೆದ ಮೇಲೆ ಎಡ ಚಕ್ರವೇ ಹಿಡಿದಿರುವುದರಿಂದ ಎಡಕ್ಕೆ ಎಳೆಯುತ್ತದೆ. ಒತ್ತುವಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆಯುವ ಗಾಡಿ ಕಂಡರೆ ನಾನು ಮೊದಲು ಹೋಸನ್ನೇ ಅನುಮಾನಿಸುತ್ತೇನೆ. ಹೋಸ್ ಬದಲಿಸುವಾಗ ಬಲಗಡೆಯದನ್ನೂ ಬದಲಿಸಿ. ಎರಡೂ ಒಂದೇ ವಯಸ್ಸಿನವು, ಒಂದು ಹೋದ ಮೇಲೆ ಇನ್ನೊಂದನ್ನು ಉಳಿಸಿಕೊಂಡು ಉಳಿಯುವ ಹಣ ಬಹಳ ಕಡಿಮೆ.

ಪ್ರಶ್ನೆ: ಹೋಸ್‌ಗಳನ್ನು ಮನೆಯಲ್ಲೇ ನೋಡಿಕೊಳ್ಳಬಹುದೇ? ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು? — ಓದುಗರೊಬ್ಬರು, ಉಡುಪಿ

ಉತ್ತರ: ಹೊರಗಿನ ದೋಷಗಳನ್ನು ಖಂಡಿತ ನೋಡಿಕೊಳ್ಳಬಹುದು. ಮುಂದಿನ ಹೋಸ್‌ಗಳಿಗಾದರೆ ಚಕ್ರ ಬಿಚ್ಚುವುದೂ ಬೇಡ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿದರೆ ಚಕ್ರದ ಹಿಂದೆ ಕ್ಯಾಲಿಪರಿಗೆ ಸೇರುವ ಕಪ್ಪು ಪೈಪು ಕಾಣಿಸುತ್ತದೆ. ಅದಕ್ಕೆ ಅಂಟಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಿಡಿದು, ಹೋಸನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ನೆಟ್ಟಗಿರುವಾಗ ಮುಚ್ಚಿಕೊಂಡಿರುವ ಬಿರುಕುಗಳು ಬಾಗಿಸಿದಾಗ ಬಾಯಿ ಬಿಡುತ್ತವೆ. ಕೂದಲೆಳೆಯಂಥ ಗೆರೆಗಳು ಹೊದಿಕೆಯಲ್ಲಿ ಮಾತ್ರ ಇದ್ದರೆ ಮುಂದಿನ ಸರ್ವೀಸಿಗೆ ಬದಲಿಸಲು ಗುರುತು ಹಾಕಿಕೊಳ್ಳಬಹುದು; ಬಿರುಕಿನ ತಳದಲ್ಲಿ ನೂಲಿನ ಹೆಣಿಗೆ ಕಂಡರೆ ಅಂದೇ ಬದಲಿಸಬೇಕು. ಅಂಟಂಟಾಗಿರುವ, ಹೆಬ್ಬೆರಳಿಗೆ ಮೆತ್ತಗೆ ಸಿಗುವ, ಅಥವಾ ಒಣಗಿದ ಕಡ್ಡಿಯಂತೆ ಗಡುಸಾಗಿರುವ ಹೋಸ್‌ಗೂ ಅದೇ ಮಾತು.

ಆಮೇಲೆ ಮನೆಯವರೊಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ಚಾಲೂ ಮಾಡಿಸಿ. ಇಂಜಿನ್ ಓಡುತ್ತಿದ್ದರೆ ಮಾತ್ರ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡಿ ಪೂರ್ಣ ಒತ್ತಡ ಬರುತ್ತದೆ. ಅವರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರುವಾಗ ನೀವು ಹೋಸನ್ನು ನೋಡಿ. ಸ್ವಲ್ಪ ಬಿಗಿಯುವುದು ಸಹಜ. ಒಂದೇ ಜಾಗದಲ್ಲಿ ಗುಳ್ಳೆಯಂತೆ ಉಬ್ಬಿದರೆ ಅಲ್ಲಿ ನೂಲು ಹರಿದಿದೆ, ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಗಾಡಿಯ ಅಡಿಗೆ ಮಾತ್ರ ಯಾವ ಕಾರಣಕ್ಕೂ ಬರೀ ಜಾಕಿನ ಭರವಸೆಯಲ್ಲಿ ತೂರಬೇಡಿ.

ನಿಮ್ಮ ಊರಿನವರಿಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ಕಡಲ ಗಾಳಿಯ ಉಪ್ಪು ರಬ್ಬರಿಗಿಂತ ಮೊದಲು ಹೋಸಿನ ಎರಡೂ ತುದಿಯ ಲೋಹದ ಬಳೆಗಳನ್ನು ತಿನ್ನುತ್ತದೆ. ತುಕ್ಕು ಉಬ್ಬಿ ರಬ್ಬರನ್ನು ಒಳಕ್ಕೆ ಒತ್ತುವುದರಿಂದ ತೂತು ಕಿರಿದಾಗುವುದುಂಟು, ಬಳೆಯ ಹಿಡಿತ ಸಡಿಲವಾಗಿ ಅಲ್ಲಿಂದಲೇ ಆಯಿಲ್ ಒಸರುವುದೂ ಉಂಟು. ಆದ್ದರಿಂದ ಕರಾವಳಿಯಲ್ಲಿ ಹೋಸಿನ ನಡುವನ್ನಷ್ಟೇ ನೋಡದೆ ತುದಿಗಳನ್ನು ಹೆಚ್ಚು ನೋಡಿ. ಹೋಸ್ ಹಾದುಹೋಗುವ ಬ್ರ್ಯಾಕೆಟ್ಟಿನ ಬಳಿ ಉಜ್ಜಿದ ಗುರುತಿದೆಯೇ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಟಯರಿಗೆ ತಾಗುತ್ತದೆಯೇ ಎಂಬುದನ್ನೂ ಗಮನಿಸಿ. ಅಗಲದ ಟಯರ್ ಹಾಕಿಸಿದ ಗಾಡಿಗಳಲ್ಲಿ ಈ ಉಜ್ಜಾಟ ಸಾಮಾನ್ಯ.

ವರ್ಷಗಳ ಲೆಕ್ಕಕ್ಕೆ ಮೊದಲ ಮಾತು ನಿಮ್ಮ ಕಾರಿನ ಕೈಪಿಡಿಯದು. ಅದರಲ್ಲಿ ಅವಧಿ ಹೇಳದಿದ್ದರೆ, ಪ್ರತಿ ಸರ್ವೀಸಿನಲ್ಲೂ ನೋಡಿಸಿ, ಹತ್ತು ವರ್ಷ ತುಂಬಿದ ಹೋಸನ್ನು ಚೆನ್ನಾಗಿ ಕಂಡರೂ ಬದಲಿಸಿಬಿಡಿ ಎನ್ನುವುದು ನನ್ನ ಸಲಹೆ. ಕಡಿಮೆ ಓಡಿದ ಗಾಡಿ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ರಬ್ಬರಿಗೆ ವಯಸ್ಸಾಗುವುದಕ್ಕೆ ಗಾಡಿ ಓಡಲೇಬೇಕೆಂದಿಲ್ಲ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಗೆ ಡೀಸೆಲ್ ಇಲ್ಲವೇ ಸುಟ್ಟ ಇಂಜಿನ್ ಆಯಿಲ್ ಹೊಡೆಸುವ ಪದ್ಧತಿಯಿದೆ. ಇದರಿಂದ ಹೋಸ್‌ಗಳಿಗೆ ತೊಂದರೆಯೇ? — ಓದುಗರೊಬ್ಬರು, ಮೂಡಿಗೆರೆ

ಉತ್ತರ: ತೊಂದರೆಯೇ ಹೌದು. ನಾವು ಬಾಯಿಮಾತಿಗೆ ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವ ದ್ರವ ಗ್ಲೈಕಾಲ್ ಜಾತಿಗೆ ಸೇರಿದ್ದು, ನೀರಿನಲ್ಲಿ ಬೆರೆಯುವಂಥದ್ದು. ಆ ದ್ರವವನ್ನು ವರ್ಷಗಟ್ಟಲೆ ತಾಳಿಕೊಳ್ಳುವಂತೆ ಬ್ರೇಕಿನ ಹೋಸನ್ನು ಇಪಿಡಿಎಂ ಎಂಬ ರಬ್ಬರಿನಿಂದ ಮಾಡುತ್ತಾರೆ. ಬಿಸಿಲು, ಮಳೆ, ಬ್ರೇಕ್ ದ್ರವ ಯಾವುದಕ್ಕೂ ಜಗ್ಗದ ಈ ರಬ್ಬರು ಪೆಟ್ರೋಲಿಯಂ ಎಣ್ಣೆಗೆ ಮಾತ್ರ ಸೋಲುತ್ತದೆ: ಡೀಸೆಲ್, ಸೀಮೆಎಣ್ಣೆ, ಇಂಜಿನ್ ಆಯಿಲ್, ಗ್ರೀಸು ತಾಗಿದರೆ ಅದನ್ನು ಹೀರಿಕೊಂಡು ಉಬ್ಬಿ ಮೆತ್ತಗಾಗುತ್ತದೆ. ನಿಮ್ಮ ಕಡೆಯ ಮಳೆಗೆ ತಗಡು ಉಳಿಸಿಕೊಳ್ಳುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ತಗಡು ಉಳಿಸಲು ಹೋಗಿ ಹೋಸ್ ಕಳೆದುಕೊಳ್ಳಬಾರದು, ಜತೆಗೆ ಆ ಎಣ್ಣೆ ಡಿಸ್ಕಿಗೆ ಹಾರಿದರೆ ಬ್ರೇಕೇ ಹಿಡಿಯುವುದಿಲ್ಲ. ಅಡಿಭಾಗಕ್ಕೆಂದೇ ಇರುವ ಕೋಟಿಂಗ್ ಮಾಡಿಸಿ, ಮಾಡಿಸುವಾಗ ಹೋಸ್, ಕ್ಯಾಲಿಪರ್, ಡಿಸ್ಕುಗಳಿಗೆ ಪ್ಲಾಸ್ಟಿಕ್ ಕಟ್ಟಿಸಿ. ಈಗಾಗಲೇ ಡೀಸೆಲ್ ಹೊಡೆಸಿದ್ದರೆ ಹೋಸ್‌ಗಳನ್ನು ಸೋಪಿನ ನೀರಿನಿಂದ ತೊಳೆದು, ಮೆತ್ತಗಾಗಿದೆಯೇ ಎಂದು ಒತ್ತಿ ನೋಡಿ.

ಪ್ರಶ್ನೆ: ನನಗೆ ಗಾಡಿ ಕೆಲಸ ಅಲ್ಪಸ್ವಲ್ಪ ಬರುತ್ತದೆ, ಪ್ಯಾಡ್‌ಗಳನ್ನು ನಾನೇ ಬದಲಿಸುತ್ತೇನೆ. ಮುಂದಿನ ಹೋಸ್‌ಗಳನ್ನೂ ನಾನೇ ಬದಲಿಸಬೇಕೆಂದಿದ್ದೇನೆ. ಎಲ್ಲಿ ಎಚ್ಚರ ವಹಿಸಬೇಕು? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ಪಾನಾಗಳ ಪೆಟ್ಟಿಗೆ ನೋಡಿಕೊಳ್ಳಿ. ಉಕ್ಕಿನ ಪೈಪಿನ ತುದಿಯ ನಟ್ಟು ಮೃದು, ಚಿಕ್ಕದು, ಹೆಚ್ಚಾಗಿ 10 ಅಥವಾ 11 ಮಿಲಿಮೀಟರಿನದು. ಸಾಧಾರಣ ಎರಡು ಬಾಯಿಯ ಪಾನಾ ಹಾಕಿದರೆ ಅದರ ಮೂಲೆಗಳು ಸವೆದು ಉರುಟಾಗಿಬಿಡುತ್ತವೆ. ಪೈಪ್ ತೂರಿಸಲು ಒಂದು ಕಡೆ ಸಂದು ಬಿಟ್ಟಿರುವ, ಉಳಿದ ಎಲ್ಲ ಕಡೆ ನಟ್ಟನ್ನು ತಬ್ಬುವ ರಿಂಗ್ ಪಾನಾ ಸಿಗುತ್ತದೆ, ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಿಂದಿನ ರಾತ್ರಿಯೇ ನಟ್ಟಿಗೆ ತುಕ್ಕು ಸಡಿಲಿಸುವ ಸ್ಪ್ರೇಯನ್ನು ಹಾಕಿ, ಅದು ರಬ್ಬರಿಗೂ ಡಿಸ್ಕಿಗೂ ತಾಗದಂತೆ ಬಟ್ಟೆ ಹಿಡಿದುಕೊಳ್ಳಿ. ಹೊಸ ಹೋಸ್ ನಿಮ್ಮ ಮಾದರಿಯದ್ದೇ ಎಂಬುದನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ, ತುದಿಯ ಕೋನ, ಮರೆಯ (ಥ್ರೆಡ್ಡಿನ) ಅಳತೆಗಳಿಂದ ಖಚಿತಪಡಿಸಿಕೊಳ್ಳಿ. ಒಂದು ಬೆರಳು ಗಿಡ್ಡದಾದರೂ ಸ್ಟೀರಿಂಗ್ ಪೂರ್ತಿ ತಿರುಗಿದಾಗ ಜಗ್ಗುತ್ತದೆ.

ಬಿಚ್ಚುವಾಗ ಮೇಲ್ತುದಿಯಿಂದ ಶುರು ಮಾಡಿ. ಹೋಸಿನ ಲೋಹದ ತುದಿಯನ್ನು ಒಂದು ಪಾನಾದಿಂದ ಅಲುಗದಂತೆ ಹಿಡಿದು, ಪೈಪಿನ ನಟ್ಟನ್ನು ಇನ್ನೊಂದರಿಂದ ತಿರುಗಿಸಬೇಕು. ಒಂದೇ ಪಾನಾದಿಂದ ಎಳೆದರೆ ಪೈಪೇ ಹಗ್ಗದಂತೆ ಹುರಿಗೊಳ್ಳುತ್ತದೆ. ನಟ್ಟು ಬಿಟ್ಟ ಕೂಡಲೇ ಪೈಪಿನ ಬಾಯಿಗೆ ರಬ್ಬರ್ ಟೋಪಿ ಹಾಕಿ, ಇಲ್ಲದಿದ್ದರೆ ನೀವು ಕ್ಯಾಲಿಪರಿನ ಬಳಿ ಕೆಲಸದಲ್ಲಿರುವಾಗ ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿ ಖಾಲಿಯಾಗುತ್ತದೆ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಡಬ್ಬಿ ಖಾಲಿಯಾಗಿ ಗಾಳಿ ಎಬಿಎಸ್ ಘಟಕದೊಳಗೆ ಸೇರಿತೆಂದರೆ ಅದನ್ನು ಹೊರದೂಡಲು ಹಲವು ಮಾದರಿಗಳಲ್ಲಿ ಸ್ಕ್ಯಾನರ್ ಬೇಕಾಗುತ್ತದೆ. ಬ್ರ್ಯಾಕೆಟ್ಟಿನಲ್ಲಿ ಹೋಸನ್ನು ಹಿಡಿದಿರುವ ಕುದುರೆಲಾಳದಂಥ ಕ್ಲಿಪ್ಪನ್ನು ಇಕ್ಕಳದಿಂದ ಎಳೆದು ತೆಗೆದ ಮೇಲೆಯೇ ಕ್ಯಾಲಿಪರ್ ಕಡೆಯ ಬೋಲ್ಟಿಗೆ ಹೋಗಿ. ಈ ಕೆಲಸದ ನಡುವೆ ಕ್ಯಾಲಿಪರನ್ನು ಬಿಚ್ಚಬೇಕಾಗಿ ಬಂದರೆ ಅದನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ. ಕ್ಯಾಲಿಪರನ್ನು ಹೋಸಿನಲ್ಲೇ ಜೋತುಬಿಡುವುದು, ಆಯಿಲ್ ನಿಲ್ಲಿಸಲೆಂದು ಹೋಸನ್ನು ಇಕ್ಕಳದಿಂದ ಹಿಸುಕುವುದು, ಇವೆರಡೂ ಗ್ಯಾರೇಜುಗಳಲ್ಲಿ ದಿನನಿತ್ಯ ಕಾಣುವ ದುರಭ್ಯಾಸಗಳು. ಮೊದಲ ಪ್ರಶ್ನೆಯಲ್ಲಿ ಹೇಳಿದ ಒಳಸೀಳು ಹಲವು ಬಾರಿ ಹೀಗೆಯೇ ಹುಟ್ಟುತ್ತದೆ.

ಜೋಡಿಸುವ ಕ್ರಮ ಬಿಚ್ಚಿದ್ದಕ್ಕೆ ತಲೆಕೆಳಗು: ಮೊದಲು ಕ್ಯಾಲಿಪರ್ ತುದಿ, ಆಮೇಲೆ ಬ್ರ್ಯಾಕೆಟ್ಟು ಮತ್ತು ಕ್ಲಿಪ್ಪು, ಕೊನೆಗೆ ಪೈಪಿನ ನಟ್ಟು. ಕ್ಯಾಲಿಪರ್ ಕಡೆ ಟೊಳ್ಳು ಬೋಲ್ಟು ಇದ್ದರೆ ಅದರ ಎರಡೂ ಬದಿಗೆ ಒಂದೊಂದು ತಾಮ್ರದ ವಾಷರ್ ಇರುತ್ತದೆ. ಹಳೆಯ ವಾಷರ್ ಒಮ್ಮೆ ಒತ್ತಿಸಿಕೊಂಡು ಗಟ್ಟಿಯಾಗಿರುವುದರಿಂದ ಮತ್ತೆ ಸರಿಯಾಗಿ ಕೂರುವುದಿಲ್ಲ, ಹೊಸದನ್ನೇ ಹಾಕಿ. ಬೋಲ್ಟನ್ನು ಟಾರ್ಕ್ ಪಾನಾದಿಂದ ವರ್ಕ್‌ಶಾಪ್ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಿರಿ, ಏಕೆಂದರೆ ನಡುವೆ ಕೊರೆದ ಬೋಲ್ಟು ಹೆಚ್ಚು ಬಲಕ್ಕೆ ತುಂಡಾಗುತ್ತದೆ. ಪೈಪಿನ ನಟ್ಟನ್ನು ಮೊದಲ ಮೂರ್ನಾಲ್ಕು ಸುತ್ತು ಬೆರಳಿನಿಂದಲೇ ಕೂರಿಸಿ. ಬೆರಳಿಗೆ ತಿರುಗದಿದ್ದರೆ ಮರೆ ಓರೆಯಾಗಿ ಕಚ್ಚಿದೆ ಎಂದರ್ಥ.

ಹೋಸ್ ತಿರುಚಿಕೊಳ್ಳಬಾರದು ಎಂಬುದನ್ನು ಎಲ್ಲರೂ ಹೇಳುತ್ತಾರೆ, ತಿರುಚಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆಂದು ಹೇಳುವವರು ಕಡಿಮೆ. ಹೋಸಿನ ಉದ್ದಕ್ಕೂ ಒಂದು ಗೆರೆಯೋ ಅಕ್ಷರಗಳ ಸಾಲೋ ಇರುತ್ತದೆ, ಅದನ್ನು ನೋಡಿ. ಕಾರು ನೆಲದ ಮೇಲಿದ್ದು ಚಕ್ರಗಳು ನೇರವಾಗಿರುವಾಗ ಆ ಗೆರೆ ಬಳ್ಳಿಯಂತೆ ಸುತ್ತಿಕೊಳ್ಳದೆ ಒಂದೇ ಬದಿಯಲ್ಲಿ ಸಾಗಬೇಕು. ಅಮೆರಿಕದ ಎಫ್‌ಎಂವಿಎಸ್‌ಎಸ್ 106 ಎಂಬ ನಿಯಮವಂತೂ ಹೋಸಿನ ಎದುರುಬದುರು ಎರಡು ಪಟ್ಟೆಗಳು ಇರಲೇಬೇಕೆಂದು ಹೇಳುತ್ತದೆ. ನಮ್ಮಲ್ಲಿ ಕೊಳ್ಳುವಾಗ ಭಾರತೀಯ ಮಾನಕ ಐಎಸ್ 7079ರ ಗುರುತು ಅಥವಾ ಕಾರು ಕಂಪನಿಯ ಸ್ವಂತ ಬಿಡಿಭಾಗದ ಪೊಟ್ಟಣ ನೋಡಿ ಕೊಳ್ಳಿ. ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಅಗ್ಗದ ಹೋಸ್ ಬೇಡ.

ಏರ್ ತೆಗೆಯುವ, ಅಂದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ನಿಪ್ಪಲ್ ಮೂಲಕ ಹೊರದೂಡುವ ಕೆಲಸ ನಿಮಗೆ ಗೊತ್ತಿರುತ್ತದೆ, ಆದರೂ ಎರಡು ಮಾತು. ಹಳೆಯ ಗಾಡಿಯಲ್ಲಿ ಪೆಡಲನ್ನು ನೆಲ ಮುಟ್ಟುವ ತನಕ ಒತ್ತಬೇಡಿ. ಎಂದೂ ತಲುಪದಿದ್ದ ಜಾಗಕ್ಕೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲು ಹೋಗಿ ಅಲ್ಲಿನ ಗಸಿ, ತುಕ್ಕಿಗೆ ಹರಿದುಹೋಗುವುದುಂಟು. ಪೆಡಲಿನ ಅಡಿಯಲ್ಲಿ ಒಂದು ಮರದ ತುಂಡು ಇಟ್ಟುಕೊಳ್ಳಿ. ಆಯಿಲ್ ಹೊಸ ಡಬ್ಬಿಯದ್ದೇ ಆಗಿರಲಿ, ಕಪಾಟಿನಲ್ಲಿ ಕಳೆದ ವರ್ಷ ಒಡೆದಿಟ್ಟದ್ದು ಬೇಡ. ಅದು ಗಾಳಿಯ ತೇವವನ್ನು ಹೀರುತ್ತಾ ಇರುತ್ತದೆ: ಡಾಟ್ 4 ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದೆಂಬುದು ನಿಯಮ, ತೇವ ಹೀರಿದ ಮೇಲೆ ಅದೇ ನಿಯಮದ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಇಂಜಿನ್ ಚಾಲೂ ಇಟ್ಟು ಪೆಡಲನ್ನು ಬಲವಾಗಿ ಅರ್ಧ ನಿಮಿಷ ಒತ್ತಿ ಹಿಡಿಸಿ, ಪ್ರತಿ ಜೋಡಣೆಗೂ ಬಿಳಿ ಕಾಗದ ಒತ್ತಿ ಹನಿ ಇದೆಯೇ ನೋಡಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಹೋಸ್ ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡು, ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ಬ್ರೇಕ್ ಪರೀಕ್ಷಿಸಿದ ಮೇಲೆ ರಸ್ತೆಗೆ ಹೋಗಿ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಇನ್ನೂ ಇದೆ. ಓಡಿಸುತ್ತಾ ಸರಿಹೋದೀತು ಎಂದುಕೊಳ್ಳಬೇಡಿ, ಹೋಗುವುದಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹೋಸ್ ಬದಲಿಸಲು ಹೋದರೆ ಉಕ್ಕಿನ ಪೈಪಿನ ನಟ್ಟು ಪೈಪಿಗೇ ಬೆಸೆದುಕೊಂಡು ಎರಡೂ ಒಟ್ಟಿಗೆ ತಿರುಗುತ್ತಿವೆ. ಏನು ಮಾಡಲಿ? — ಕನ್ನಡಿಗರೊಬ್ಬರು, ಮಿಷಿಗನ್

ಉತ್ತರ: ತಿರುಗಿಸುವುದನ್ನು ಅಲ್ಲಿಗೇ ನಿಲ್ಲಿಸಿ. ತುಕ್ಕಿನ ಸ್ಪ್ರೇ ಹಾಕಿ ಒಂದು ರಾತ್ರಿ ಬಿಟ್ಟು, ಮರುದಿನ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ, ಹೀಗೆ ಹಿಂದುಮುಂದು ಆಡಿಸಿ ನೋಡಿ. ಬೆಂಕಿ ಹಿಡಿಯುವ ಯೋಚನೆ ಬೇಡ, ಬ್ರೇಕ್ ಆಯಿಲ್ ಹೊತ್ತಿಕೊಳ್ಳುವ ದ್ರವ. ಅದಕ್ಕೂ ಬಗ್ಗದಿದ್ದರೆ ಆ ಪೈಪಿನ ಆಯುಷ್ಯವೂ ಮುಗಿಯುತ್ತ ಬಂದಿದೆಯೆಂದೇ ತಿಳಿದು, ಗಟ್ಟಿಯಾದ ಜಾಗದಲ್ಲಿ ಕತ್ತರಿಸಿ ಹೊಸ ತುಂಡು ಹಾಕಿಸಿ. ಉಪ್ಪಿನ ನಾಡಿಗೆ ತಾಮ್ರ–ನಿಕ್ಕಲ್ ಮಿಶ್ರಲೋಹದ ಪೈಪು ಬಹಳ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ. ಪೈಪಿನ ತುದಿಯ ಫ್ಲೇರ್, ಅಂದರೆ ಅರಳಿಸಿದ ಬಾಯಿ, ಹಳೆಯದರ ಆಕಾರದ್ದೇ ಆಗಿರಬೇಕು. ಎರಡು ಮಡಿಕೆಯ ಫ್ಲೇರ್ ಇದ್ದಲ್ಲಿ ಗುಳ್ಳೆಯಾಕಾರದ್ದನ್ನು ಕೂರಿಸಿದರೆ ಎಷ್ಟು ಬಿಗಿದರೂ ಸೋರುತ್ತದೆ. ನಲ್ಲಿ ಕೆಲಸಕ್ಕೆ ಬಳಸುವ ಕಂಪ್ರೆಷನ್ ಜೋಡಣೆಯನ್ನು ಬ್ರೇಕಿನ ಪೈಪಿಗೆ ಹಾಕಲೇಬಾರದು.

ಪ್ರಶ್ನೆ: ಉಕ್ಕಿನ ಜಾಳಿಗೆ ಹೊದಿಸಿದ ಹೋಸ್ ಹಾಕಿದರೆ ಗಾಡಿ ಬೇಗ ನಿಲ್ಲುತ್ತದೆಯೇ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಗಾಡಿಯನ್ನು ನಿಲ್ಲಿಸುವುದು ಕೊನೆಗೂ ಟಯರು. ಜಾಳಿಗೆಯ ಹೋಸಿನ ಒಳನಾಳ ಟೆಫ್ಲಾನ್ ಜಾತಿಯದು, ಒತ್ತಡಕ್ಕೆ ಕಡಿಮೆ ಹಿಗ್ಗುತ್ತದೆ, ಪೆಡಲ್ ಗಟ್ಟಿಯೆನಿಸುತ್ತದೆ, ರೇಸಿನವರಿಗೆ ಅದು ಮುಖ್ಯ. ಆದರೆ ಹತ್ತು ವರ್ಷದ ರಬ್ಬರ್ ಹೋಸ್ ತೆಗೆದು ಇದನ್ನು ಹಾಕಿ ಬದಲಾವಣೆ ಕಂಡವರು, ಹೊಸ ರಬ್ಬರ್ ಹೋಸ್ ಹಾಕಿದ್ದರೂ ಬಹುಪಾಲು ಅದೇ ಬದಲಾವಣೆ ಕಾಣುತ್ತಿದ್ದರು ಎಂದು ನನ್ನ ಅನಿಸಿಕೆ. ಹೊದಿಕೆಯಿಲ್ಲದ ಜಾಳಿಗೆ ತಾನು ತಾಗಿದ್ದನ್ನೆಲ್ಲ ಅರದಂತೆ ಉಜ್ಜುತ್ತದೆ, ಎಳೆಗಳ ನಡುವೆ ಮರಳು ಸೇರಿದರೆ ತನ್ನ ಒಳನಾಳವನ್ನೇ ಉಜ್ಜುತ್ತದೆ, ಒಳಗೇನಾಗಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಹಾಕಲೇಬೇಕೆಂದಿದ್ದರೆ ಮೇಲೆ ಪ್ಲಾಸ್ಟಿಕ್ ಹೊದಿಕೆಯಿರುವ, ಪ್ರಮಾಣಪತ್ರವಿರುವ, ನಿಮ್ಮ ಮಾದರಿಗೆಂದೇ ಮಾಡಿದ್ದನ್ನು ಹಾಕಿ.

ಪ್ರಶ್ನೆ: ಘಾಟಿಯಲ್ಲಿ ಇಳಿಯುವಾಗಲೇ ಹೋಸ್ ಒಡೆದರೆ ಬ್ರೇಕ್ ಪೂರ್ತಿ ಹೋಗುತ್ತದೆಯೇ? — ಓದುಗರೊಬ್ಬರು, ಮಡಿಕೇರಿ

ಉತ್ತರ: ಇಂದಿನ ಕಾರುಗಳಲ್ಲಿ ಪೂರ್ತಿ ಹೋಗುವುದಿಲ್ಲ. ಮಾಸ್ಟರ್ ಸಿಲಿಂಡರಿನೊಳಗೆ ಎರಡು ಪಿಸ್ಟನ್‌ಗಳಿದ್ದು, ಒಂದೊಂದೂ ಎರಡೆರಡು ಚಕ್ರಗಳನ್ನು ನೋಡಿಕೊಳ್ಳುತ್ತದೆ. ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎಡ ಮತ್ತು ಹಿಂದಿನ ಬಲ, ಮುಂದಿನ ಬಲ ಮತ್ತು ಹಿಂದಿನ ಎಡ, ಹೀಗೆ ಕರ್ಣರೇಖೆಯಲ್ಲಿ ಹಂಚಿರುತ್ತಾರೆ. ಒಂದು ಹೋಸ್ ಒಡೆದರೆ ಪೆಡಲ್ ಒಮ್ಮೆಲೇ ಬಹಳ ಕೆಳಗಿಳಿಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ, ಉಳಿದ ಎರಡು ಚಕ್ರಗಳಷ್ಟೇ ಗಾಡಿಯನ್ನು ಹಿಡಿಯುತ್ತವೆ. ಪೆಡಲ್ ಕೆಳಗಿಳಿದಾಗ ಹೆದರಿ ಕಾಲು ತೆಗೆಯದೆ ಇನ್ನೂ ಬಲವಾಗಿ ಒತ್ತಿ, ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಕೊಂಡೇ ಸ್ವಲ್ಪ ಸ್ವಲ್ಪ ಎಳೆದು, ಬೆಟ್ಟದ ಬದಿಗೆ ನಿಲ್ಲಿಸಿ. ಸನ್ನೆಯಿರುವ ಹ್ಯಾಂಡ್‌ಬ್ರೇಕ್ ತಂತಿಯ ಮೇಲೆ ನಡೆಯುತ್ತದೆ, ಅದಕ್ಕೆ ಆಯಿಲಿನ ಹಂಗಿಲ್ಲ. ಅಲ್ಲಿಂದ ಮುಂದಕ್ಕೆ ಗಾಡಿಯನ್ನು ಟೋ ಮಾಡಿಸಿ. ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಹೋದರೆ ಅದು ಹೋಸ್ ಒಡೆದದ್ದಲ್ಲ, ಹಳೆಯ ಆಯಿಲ್ ಕುದಿದದ್ದು.

ಪ್ರಶ್ನೆ: ನಮ್ಮ ಹುಡುಗ ಬ್ರೇಕ್ ಆಯಿಲ್ ಡಬ್ಬಿಗೆ ಸ್ಟೀರಿಂಗ್ ಆಯಿಲ್ ಹಾಕಿಬಿಟ್ಟಿದ್ದಾನೆಂದು ಅನುಮಾನ. ತೆಗೆದು ಹೊಸದು ಹಾಕಿದರೆ ಸಾಕೇ? — ಓದುಗರೊಬ್ಬರು, ರಾಯಚೂರು

ಉತ್ತರ: ಮೊದಲು ಅನುಮಾನ ಪರಿಹರಿಸಿಕೊಳ್ಳಿ. ಆ ಡಬ್ಬಿಯಿಂದ ಒಂದೆರಡು ಚಮಚ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ, ಸ್ಟೀರಿಂಗ್ ಆಯಿಲ್ ಸಾರಿನ ಮೇಲಿನ ಎಣ್ಣೆಯಂತೆ ತೇಲುತ್ತದೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರ್ ಉಬ್ಬಿ ಸುಕ್ಕಾಗಿದ್ದರೆ ಅದೂ ಸಾಕ್ಷಿ. ತೇಲಿದರೆ ಗಾಡಿಯನ್ನು ಓಡಿಸಬೇಡಿ, ಪೆಡಲನ್ನೂ ಒತ್ತಬೇಡಿ. ಹಾಕಿದ ಕೂಡಲೇ ಗೊತ್ತಾಗಿ, ಒಮ್ಮೆಯೂ ಪೆಡಲ್ ಒತ್ತಿಲ್ಲವಾದರೆ ಡಬ್ಬಿಯನ್ನು ಖಾಲಿ ಮಾಡಿ ತೊಳೆಸುವುದರಲ್ಲಿ ಮುಗಿಯಬಹುದು. ದಿನಗಟ್ಟಲೆ ಓಡಿಸಿದ್ದರೆ ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲುಗಳು, ಹಿಂದಿನ ಡ್ರಮ್ಮಿನ ಸಿಲಿಂಡರ್ ಕಿಟ್‌ಗಳು, ಎಲ್ಲ ಹೋಸ್‌ಗಳು, ಹೀಗೆ ಆಯಿಲ್ ತಾಗಿದ ರಬ್ಬರ್ ಪೂರ್ತಿ ಬದಲಾಗಬೇಕು, ಉಕ್ಕಿನ ಪೈಪುಗಳನ್ನು ತೊಳೆದು ಒಣಗಿಸಬೇಕು. ಖರ್ಚಿನ ಮಾತೇ, ಆದರೆ ಉಬ್ಬಿದ ಸೀಲನ್ನು ಮೊದಲಿನ ಅಳತೆಗೆ ತರುವ ಉಪಾಯ ಇಲ್ಲ. ಈ ಗಡಿಬಿಡಿಯಲ್ಲಿ ಬ್ರೇಕ್ ಆಯಿಲ್ ಬಾಡಿಯ ಬಣ್ಣದ ಮೇಲೆ ಚೆಲ್ಲಿದ್ದರೆ ಒರೆಸಲು ಹೋಗದೆ ಕೂಡಲೇ ಧಾರಾಳ ನೀರು ಸುರಿಯಿರಿ. ಒರೆಸಿದರೆ ಬಣ್ಣವೂ ಬಟ್ಟೆಗೆ ಬರುತ್ತದೆ.